ಹಳೆಯ ವಿಡಿಯೊ ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೆ ಇಳಿಸುವಾಗ ಬರುವ ತೊಂದರೆಗಳು ಮತ್ತು ಪರಿಹಾರಗಳು: ಬೀದರ್, ಭಾಲ್ಕಿ, ಔರಾದ್ ಕುಟುಂಬಗಳಿಗೆ ಕೈಪಿಡಿ

ಮನೆಯ ಟ್ರಂಕಿನಲ್ಲಿ, ಅಲ್ಮಾರಿಯ ಮೇಲೆ, ಬಸದಿಯ ಶಾಸ್ತ್ರಭಂಡಾರದ ಮೂಲೆಯಲ್ಲಿ ಹಳೆಯ ವಿಡಿಯೊ ಕ್ಯಾಸೆಟ್‌ಗಳು ಇಂದಿಗೂ ಉಳಿದಿವೆ. ಮದುವೆ, ಊರಿನ ಪಂಚಕಲ್ಯಾಣ, ಮುನಿಸಂಘದ ಚಾತುರ್ಮಾಸ ಪ್ರವೇಶ, ಕಮಠಾಣದ ಪಾರ್ಶ್ವನಾಥ ಬಸದಿಗೆ ಹೋದ ಯಾತ್ರೆ, ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ, ಹಿರಿಯರೊಬ್ಬರ ಸಲ್ಲೇಖನದ ಕೊನೆಯ ದಿನಗಳು ಅವುಗಳಲ್ಲಿವೆ. ಇಂಥ ಕ್ಯಾಸೆಟ್‌ಗಳಿಗೆ ಸಾಮಾನ್ಯವಾಗಿ ಎರಡನೆಯ ಪ್ರತಿ ಇರುವುದಿಲ್ಲ. ಅದರಲ್ಲಿರುವ ಅಜ್ಜಿಯ ದನಿ ಬೇರೆಲ್ಲೂ ಸಿಗುವುದಿಲ್ಲ.

ಕಾಲವೂ ಕಡಿಮೆಯಿದೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. 2019ರಲ್ಲಿ ಯುನೆಸ್ಕೊ ಮತ್ತು ಧ್ವನಿ-ದೃಶ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವು ಕಾಂತೀಯ ಟೇಪುಗಳ ಬಗ್ಗೆ ಜಗತ್ತಿಗೆ ಎಚ್ಚರಿಕೆ ನೀಡಿದವು. ಟೇಪು ಚೆನ್ನಾಗಿದ್ದರೂ ಅದನ್ನು ಓದುವ ಯಂತ್ರ, ಬಿಡಿಭಾಗ ಮತ್ತು ರಿಪೇರಿ ಬಲ್ಲವರು ಇಲ್ಲವಾಗುತ್ತಿದ್ದಾರೆ ಎಂಬುದು ಆ ಎಚ್ಚರಿಕೆಯ ಸಾರ.

ಕ್ಯಾಸೆಟ್ ಇಳಿಸುವಾಗ ಸಾಮಾನ್ಯವಾಗಿ ಎದುರಾಗುವ ತೊಂದರೆಗಳು, ಅವುಗಳ ಕಾರಣ ಮತ್ತು ಮನೆಯಲ್ಲೇ ಮಾಡಬಹುದಾದ ಪರಿಹಾರಗಳನ್ನು ಇಲ್ಲಿ ಕ್ರಮವಾಗಿ ಕೊಡಲಾಗಿದೆ.

ಮೊದಲ ನಿಯಮ: ಅಮೂಲ್ಯ ಕ್ಯಾಸೆಟ್‌ನಿಂದ ಪರೀಕ್ಷೆ ಬೇಡ

ಹಳೆಯ ಟೇಪು ಪ್ರತಿ ಸಲ ಓಡಿದಾಗಲೂ ಸ್ವಲ್ಪ ಸವೆಯುತ್ತದೆ. ಯಂತ್ರ ಕೆಟ್ಟಿದ್ದರೆ ಒಂದೇ ಸಲಕ್ಕೆ ಹರಿದೂ ಹೋಗಬಹುದು. ಆದ್ದರಿಂದ ಯಂತ್ರ, ಕೇಬಲ್, ಕಂಪ್ಯೂಟರ್ ಇವನ್ನೆಲ್ಲ ಹೋದರೂ ಬೇಸರವಾಗದ ಒಂದು ಕ್ಯಾಸೆಟ್ ಹಾಕಿ ಪರೀಕ್ಷಿಸಬೇಕು. ಹಳೆಯ ಸಿನಿಮಾ ಅಥವಾ ಟಿವಿ ಧಾರಾವಾಹಿ ತುಂಬಿಸಿಕೊಂಡ ಕ್ಯಾಸೆಟ್ ಇದಕ್ಕೆ ಸಾಕು. ಅದು ಅರ್ಧ ಗಂಟೆ ಚಿತ್ರ ಮತ್ತು ಧ್ವನಿ ಎರಡೂ ಸರಿಯಾಗಿ ಇಳಿದ ಮೇಲೆಯೇ ಮನೆಯ ಮುಖ್ಯ ಕ್ಯಾಸೆಟ್ ಹೊರಗೆ ತೆಗೆಯಬೇಕು.

ತೊಂದರೆ ಬಂದಾಗ ಹುಡುಕುವ ಕ್ರಮ ಹೀಗಿರಲಿ: ಮೊದಲು ಯಂತ್ರವನ್ನು ನೇರವಾಗಿ ಟಿವಿಗೆ ಜೋಡಿಸಿ ನೋಡಿ. ಟಿವಿಯಲ್ಲೂ ಚಿತ್ರ ಕೆಟ್ಟಿದ್ದರೆ ದೋಷ ಟೇಪಿನಲ್ಲಿ ಅಥವಾ ಯಂತ್ರದಲ್ಲಿದೆ. ಟಿವಿಯಲ್ಲಿ ಚೆನ್ನಾಗಿ ಬಂದು ಕಂಪ್ಯೂಟರ್‌ನಲ್ಲಿ ಬಾರದಿದ್ದರೆ ದೋಷ ಕೇಬಲ್, ಕ್ಯಾಪ್ಚರ್ ಸಾಧನ ಅಥವಾ ಸಾಫ್ಟ್‌ವೇರ್‌ನಲ್ಲಿದೆ. ಈ ಒಂದು ಪರೀಕ್ಷೆಯಿಂದ ಅರ್ಧ ಗೊಂದಲ ಬಗೆಹರಿಯುತ್ತದೆ.

ಕ್ಯಾಸೆಟ್ ಯಾವ ಬಗೆಯದು?

ವಿಎಚ್‌ಎಸ್: ಎಲ್ಲರಿಗೂ ಪರಿಚಿತವಾದ ದೊಡ್ಡ ಕಪ್ಪು ಕ್ಯಾಸೆಟ್. ಟೇಪಿನ ಅಗಲ ಅರ್ಧ ಇಂಚು. ಇ-180 ಎಂದು ಬರೆದಿದ್ದರೆ ಸಾಮಾನ್ಯ ವೇಗದಲ್ಲಿ 3 ಗಂಟೆ, ಎಲ್‌ಪಿ ವೇಗದಲ್ಲಿ 6 ಗಂಟೆ ಹಿಡಿಯುತ್ತದೆ. 1993ರ ಮಹಾಮಸ್ತಕಾಭಿಷೇಕದ ಕಾಲದ ಮನೆಯ ಕ್ಯಾಸೆಟ್‌ಗಳು ಬಹುತೇಕ ಈ ಬಗೆಯವು.

ವಿಎಚ್‌ಎಸ್-ಸಿ: ಅಂಗೈಯಗಲದ ಚಿಕ್ಕ ಕ್ಯಾಸೆಟ್. ಅಡಾಪ್ಟರ್ ಒಳಗೆ ಇಟ್ಟರೆ ಸಾಮಾನ್ಯ ವಿಸಿಆರ್‌ನಲ್ಲೇ ಓಡುತ್ತದೆ.

ವಿಡಿಯೊ8, ಹೈ8 ಮತ್ತು ಡಿಜಿಟಲ್8: ನೋಡಲು ಆಡಿಯೊ ಕ್ಯಾಸೆಟ್‌ನಂತಿರುತ್ತವೆ. ಟೇಪಿನ ಅಗಲ 8 ಮಿಲಿಮೀಟರ್. ಇವನ್ನೂ ಅಡಾಪ್ಟರ್‌ಗೆ ಹಾಕಿ ವಿಸಿಆರ್‌ನಲ್ಲಿ ಓಡಿಸಬಹುದೆಂದು ಕೆಲವರು ತಿಳಿದಿದ್ದಾರೆ. ಅಂಥ ಅಡಾಪ್ಟರ್ ಇಲ್ಲ. ಇವಕ್ಕೆ ಅದೇ ಬಗೆಯ ಕ್ಯಾಮೆರಾ ಅಥವಾ ಪ್ಲೇಯರ್ ಬೇಕು.

ಮಿನಿಡಿವಿ: ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. 2006ರ ಮಹಾಮಸ್ತಕಾಭಿಷೇಕದ ಹೊತ್ತಿಗೆ ವಿಡಿಯೊ ತೆಗೆಯುವವರ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಇದೇ. ಇದರಲ್ಲಿರುವುದು ಡಿಜಿಟಲ್ ದಾಖಲೆ. ಆದ್ದರಿಂದ ಇಳಿಸುವ ವಿಧಾನವೂ ಬೇರೆ.

ಲೇಬಲ್ ಮೇಲಿನ ಇಸವಿ ಓದುವುದು

ಗಡಿಭಾಗದ ಮನೆಗಳಲ್ಲಿ ಲೇಬಲ್‌ಗಳು ಕನ್ನಡ, ಮರಾಠಿ, ಹಿಂದಿ, ಉರ್ದು ಹೀಗೆ ಯಾವ ಭಾಷೆಯಲ್ಲಾದರೂ ಇರಬಹುದು. ಧಾರ್ಮಿಕ ಕಾರ್ಯಕ್ರಮದ ಕ್ಯಾಸೆಟ್ ಮೇಲೆ ವೀರ ನಿರ್ವಾಣ ಸಂವತ್ ಮಾತ್ರ ಬರೆದಿರುವುದೂ ಉಂಟು. ಸಂವತ್ ದೀಪಾವಳಿಗೆ ಬದಲಾಗುವುದರಿಂದ ಲೆಕ್ಕ ಹೀಗೆ: ಕಾರ್ಯಕ್ರಮ ದೀಪಾವಳಿಗೆ ಮೊದಲು ನಡೆದಿದ್ದರೆ ಸಂವತ್ತಿನಿಂದ 526 ಕಳೆಯಬೇಕು, ದೀಪಾವಳಿಯ ನಂತರ ಡಿಸೆಂಬರ್ ಕೊನೆಯೊಳಗೆ ನಡೆದಿದ್ದರೆ 527 ಕಳೆಯಬೇಕು. 1993ರ ಮಹಾಮಸ್ತಕಾಭಿಷೇಕ ಡಿಸೆಂಬರ್‌ನಲ್ಲಿ ನಡೆಯಿತು, ಆದ್ದರಿಂದ ಅದು 2520ಕ್ಕೆ ಸೇರುತ್ತದೆ. 2006ರದು ಫೆಬ್ರವರಿಯಲ್ಲಿ ನಡೆಯಿತು, ಅದು 2532. ಲೇಬಲ್ ಅಂಟು ಬಿಟ್ಟು ಉದುರುವ ಮೊದಲೇ ಪ್ರತಿ ಕ್ಯಾಸೆಟ್‌ನ ಎರಡೂ ಬದಿಯ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಯಂತ್ರಕ್ಕೆ ಹಾಕುವ ಮೊದಲು

ಕ್ಯಾಸೆಟ್‌ನ ಪಾರದರ್ಶಕ ಕಿಂಡಿಯ ಮೂಲಕ ಟಾರ್ಚ್ ಬೆಳಕಿನಲ್ಲಿ ಟೇಪಿನ ಸುರುಳಿಯನ್ನು ನೋಡಬೇಕು. ಸುರುಳಿ ಹೊಳೆಯುವ ಕಪ್ಪು ಅಥವಾ ಕಡುಕಂದು ಬಣ್ಣದಲ್ಲಿ ಸಮವಾಗಿ ಕಂಡರೆ ಸರಿ. ಬಿಳಿ ಅಥವಾ ಬೂದು ಪುಡಿ, ಹತ್ತಿಯಂಥ ಕಲೆ ಕಂಡರೆ ಅದು ಬೂಷ್ಟು. ಅಂಥ ಕ್ಯಾಸೆಟ್ ಓಡಿಸಲೇಬಾರದು. ವಿಸಿಆರ್ ಒಳಗಿನ ಡ್ರಮ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಬೂಷ್ಟಿನ ಪುಡಿ ಅದಕ್ಕೆ ತಗುಲಿದರೆ ಚಿತ್ರ ಹೋಗುತ್ತದೆ, ಟೇಪು ಗೀರಿಕೊಳ್ಳುತ್ತದೆ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್‌ಗೂ ಅದೇ ಅಂಟುತ್ತದೆ. ಬೂಷ್ಟು ಹಿಡಿದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬೇರೆಯಾಗಿಟ್ಟು, ಇದೇ ಕೆಲಸಕ್ಕೆ ಪ್ರತ್ಯೇಕ ಯಂತ್ರ ಇಟ್ಟುಕೊಂಡಿರುವವರಿಗೆ ಕೊಡಬೇಕು. ಮನೆಯಲ್ಲಿ ಬಿಚ್ಚಿ ಒರೆಸುವುದು ಶ್ವಾಸಕೋಶಕ್ಕೂ ಒಳ್ಳೆಯದಲ್ಲ.

ಬೂಷ್ಟು ಬಂದ ಮೇಲೆ ಅದನ್ನು ಕೊಲ್ಲುವ ಪ್ರಸಂಗವೇ ಬರದಂತೆ ಮೊದಲೇ ಜಾಗ್ರತೆ ವಹಿಸುವುದು ಅಹಿಂಸೆಯನ್ನು ಪಾಲಿಸುವ ಮನೆಗಳಿಗೆ ತಾನಾಗಿಯೇ ಒಪ್ಪುವ ದಾರಿ. ಬೂಷ್ಟಿಗೆ ತೇವ ಬೇಕು. ಬೀದರ್ ಜಿಲ್ಲೆಯ ಬೇಸಿಗೆ ಒಣಹವೆಯದು, ಅಪಾಯ ಹೆಚ್ಚುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕ್ಯಾಸೆಟ್‌ಗಳನ್ನು ನೆಲದ ಮೇಲೆ, ಹೊರಗೋಡೆಗೆ ತಾಗಿಸಿ, ಸೋರುವ ಅಟ್ಟದಲ್ಲಿ ಇಡಬಾರದು. ಒಳಕೋಣೆಯಲ್ಲಿ, ಪುಸ್ತಕ ನಿಲ್ಲಿಸಿದ ಹಾಗೆ ನೆಟ್ಟಗೆ ಜೋಡಿಸಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಬೇಕು. ಸ್ಪೀಕರ್ ಅಥವಾ ಅಯಸ್ಕಾಂತವಿರುವ ಯಾವ ವಸ್ತುವೂ ಪಕ್ಕದಲ್ಲಿರಬಾರದು.

ಕ್ಯಾಸೆಟ್ ಚೊಕ್ಕಟವಾಗಿದ್ದರೆ ಮುಂದಿನ ಮೂರು ಹೆಜ್ಜೆ:

1. ಹಿಂಬದಿಯ ಅಂಚಿನಲ್ಲಿರುವ ಚಿಕ್ಕ ಪ್ಲಾಸ್ಟಿಕ್ ತುಂಡನ್ನು ಮುರಿಯಿರಿ. ಹೀಗೆ ಮಾಡಿದರೆ ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ದಾಖಲೆ ಅಳಿಯುವುದಿಲ್ಲ. 8 ಮಿಲಿಮೀಟರ್ ಮತ್ತು ಮಿನಿಡಿವಿ ಕ್ಯಾಸೆಟ್‌ಗಳಲ್ಲಿ ಇದಕ್ಕೆ ಜಾರುವ ಗುಂಡಿ ಇರುತ್ತದೆ.

2. ಬೇರೆ ಊರಿನಿಂದ ಅಥವಾ ತಣ್ಣನೆಯ ಕೋಣೆಯಿಂದ ತಂದ ಕ್ಯಾಸೆಟ್ಟನ್ನು ಯಂತ್ರವಿರುವ ಕೋಣೆಯಲ್ಲೇ ಒಂದು ದಿನ ಬಿಡಿ. ಇಲ್ಲದಿದ್ದರೆ ತೇವ ಕೂತು ಟೇಪು ಡ್ರಮ್‌ಗೆ ಅಂಟುತ್ತದೆ. ಕೆಲವು ಯಂತ್ರಗಳು ತೇವ ಕಂಡರೆ ‘ಡ್ಯೂ’ ಎಂದು ತೋರಿಸಿ ನಿಂತುಬಿಡುತ್ತವೆ. ಆಗ ಬಲವಂತ ಮಾಡದೆ ಕಾಯಬೇಕು.

3. ಒಂದು ಸಲ ಕೊನೆಯವರೆಗೆ ಮುಂದಕ್ಕೆ, ಮತ್ತೆ ಮೊದಲಿಗೆ ಸುತ್ತಿಸಿ. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿದ್ದ ಸುರುಳಿ ಸಡಿಲವಾಗಿ ಸಮನಾಗುತ್ತದೆ. ಸುತ್ತುವಾಗ ಕಿರುಗುಟ್ಟಿದರೆ ಅಥವಾ ನಿಧಾನವಾದರೆ ನಿಲ್ಲಿಸಿ, ಮುಂದುವರಿಸಬೇಡಿ.

ತೊಂದರೆ 1: ಕಂಪ್ಯೂಟರ್‌ನಲ್ಲಿ ಚಿತ್ರವೇ ಇಲ್ಲ

ವಿಸಿಆರ್‌ನ ಹಳದಿ ಪಿನ್ ಚಿತ್ರದ್ದು, ಬಿಳಿ ಮತ್ತು ಕೆಂಪು ಧ್ವನಿಯವು. ಇವು ಯುಎಸ್‌ಬಿ ಕ್ಯಾಪ್ಚರ್ ಸಾಧನದ ಮೂಲಕ ಕಂಪ್ಯೂಟರ್‌ಗೆ ಹೋಗುತ್ತವೆ. ಚಿತ್ರ ಬಾರದಿದ್ದರೆ ಕ್ರಮವಾಗಿ ನೋಡಬೇಕಾದವು ಇವು:

ಪಿನ್‌ಗಳು ವಿಸಿಆರ್‌ನ ‘ಔಟ್’ ಕಡೆಯಲ್ಲಿವೆಯೇ? ‘ಇನ್’ ಕಡೆಗೆ ಚುಚ್ಚುವುದು ಸಾಮಾನ್ಯ ತಪ್ಪು. ಹಳೆಯ ಕೆಲವು ಪ್ಲೇಯರ್‌ಗಳಲ್ಲಿ ಟಿವಿಯ ಆಂಟೆನಾ ತೂತಿಗೆ ಹೋಗುವ ಕೇಬಲ್ ಮಾತ್ರ ಇರುತ್ತದೆ. ಹಳದಿ ಪಿನ್‌ನ ಕ್ಯಾಪ್ಚರ್ ಸಾಧನ ಅದನ್ನು ಹಿಡಿಯುವುದಿಲ್ಲ.

ಸಾಫ್ಟ್‌ವೇರ್‌ನಲ್ಲಿ ಲ್ಯಾಪ್‌ಟಾಪ್‌ನ ಸ್ವಂತ ಕ್ಯಾಮೆರಾದ ಬದಲು ಕ್ಯಾಪ್ಚರ್ ಸಾಧನವನ್ನೇ ಆರಿಸಲಾಗಿದೆಯೇ? ಅದರಲ್ಲೂ ಕಾಂಪೊಸಿಟ್ ಮತ್ತು ಎಸ್-ವಿಡಿಯೊ ಎಂಬ ಎರಡು ಆಯ್ಕೆಗಳಿರುತ್ತವೆ. ಹಳದಿ ಪಿನ್‌ಗೆ ಕಾಂಪೊಸಿಟ್ ಬೇಕು.

ಚಾಲಕ ಸಾಫ್ಟ್‌ವೇರ್, ಅಂದರೆ ಡ್ರೈವರ್, ಸರಿಯಿದೆಯೇ? ಈಜಿಕ್ಯಾಪ್ ಹೆಸರಿನಲ್ಲಿ ಮಾರುವ ಅಗ್ಗದ ಸಾಧನಗಳು ಹೊರಗೆ ಒಂದೇ ರೀತಿ ಕಂಡರೂ ಒಳಗಿನ ಚಿಪ್ ಬೇರೆ ಬೇರೆ. ಒಂದರ ಡ್ರೈವರ್ ಇನ್ನೊಂದಕ್ಕೆ ಆಗುವುದಿಲ್ಲ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ ಕಂಡರೆ ಡ್ರೈವರ್ ಹೊಂದಿಲ್ಲವೆಂದು ಅರ್ಥ. ಹೊಸದಾಗಿ ಕೊಳ್ಳುವವರು ಡ್ರೈವರ್ ಇಲ್ಲದೆ ತಾನಾಗಿ ಕೆಲಸ ಮಾಡುವ ಸಾಧನವೇ ಎಂದು ಕೇಳಿ ಕೊಳ್ಳಬೇಕು.

ವಿಂಡೋಸ್ 10 ಮತ್ತು 11ರಲ್ಲಿ ‘ಪ್ರೈವಸಿ’ ವಿಭಾಗದಲ್ಲಿ ಕ್ಯಾಮೆರಾ ಮತ್ತು ಮೈಕ್ರೊಫೋನ್ ಅನುಮತಿ ಆಫ್ ಆಗಿದ್ದರೆ ಎಲ್ಲ ಸರಿಯಿದ್ದರೂ ಪರದೆ ಕಪ್ಪಾಗಿಯೇ ಇರುತ್ತದೆ. ಅದನ್ನು ಆನ್ ಮಾಡಬೇಕು.

ತೊಂದರೆ 2: ಕಪ್ಪು-ಬಿಳುಪು ಚಿತ್ರ, ಅಥವಾ ಚಿತ್ರ ಮೇಲೆ ಕೆಳಗೆ ಉರುಳುತ್ತದೆ

ಭಾರತದ ಕ್ಯಾಸೆಟ್‌ಗಳು ಪಾಲ್ ಪದ್ಧತಿಯವು: 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಮೆರಿಕದ್ದು ಎನ್‌ಟಿಎಸ್‌ಸಿ: 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ಸಾಫ್ಟ್‌ವೇರ್ ಮೊದಲಿನಿಂದಲೇ ಎನ್‌ಟಿಎಸ್‌ಸಿಯಲ್ಲಿ ನಿಂತಿದ್ದರೆ ಬಣ್ಣ ಹೋಗುತ್ತದೆ ಅಥವಾ ಚಿತ್ರ ಉರುಳುತ್ತದೆ. ಅದನ್ನು ಪಾಲ್-ಬಿ ಎಂದು ಬದಲಿಸಿ, ಅಳತೆಯನ್ನು 720×576, ವೇಗವನ್ನು 25 ಎಂದು ಇಡಬೇಕು. ಅಮೆರಿಕದಲ್ಲಿರುವ ಬಂಧುಗಳು ಅಲ್ಲಿಂದ ಕಳಿಸಿದ ಕ್ಯಾಸೆಟ್ ಆಗಿದ್ದರೆ ಎನ್‌ಟಿಎಸ್‌ಸಿ ಓದುವ ವಿಸಿಆರ್ ಬೇಕು, ಸಾಫ್ಟ್‌ವೇರ್‌ನಲ್ಲೂ ಅದನ್ನೇ ಆರಿಸಬೇಕು.

ತೊಂದರೆ 3: ಚಿತ್ರದಲ್ಲಿ ಬಿಳಿ ಗೆರೆ, ಹಿಮದಂಥ ಚುಕ್ಕಿ

ಅಡ್ಡಗೆರೆಗಳ ಪಟ್ಟಿ ಕಂಡರೆ ಮೊದಲು ವಿಸಿಆರ್‌ನ ಟ್ರ್ಯಾಕಿಂಗ್ ಬಟನ್ ನಿಧಾನವಾಗಿ ಒತ್ತಿ ಸರಿಪಡಿಸಿ. ಬೇರೆ ಯಂತ್ರದಲ್ಲಿ ತುಂಬಿಸಿದ ಕ್ಯಾಸೆಟ್‌ಗಳಿಗೆ, ಅದರಲ್ಲೂ ಎಲ್‌ಪಿ ವೇಗದವಕ್ಕೆ, ಇದು ಬೇಕಾಗುತ್ತದೆ.

ಎಲ್ಲ ಕ್ಯಾಸೆಟ್‌ನಲ್ಲೂ ಹಿಮದಂಥ ಚುಕ್ಕಿ ತುಂಬಿದ್ದರೆ ಹೆಡ್‌ಗೆ ಕೊಳೆ ಕೂತಿದೆ. ಬೀದರಿನ ಕೆಮ್ಮಣ್ಣಿನ ಧೂಳು ವರ್ಷಗಟ್ಟಲೆ ಮುಚ್ಚಿಟ್ಟ ಯಂತ್ರದೊಳಗೂ ಸೇರಿಕೊಂಡಿರುತ್ತದೆ. ವಿದ್ಯುತ್ ಪ್ಲಗ್ ತೆಗೆದು, ಮೇಲಿನ ಮುಚ್ಚಳ ಬಿಚ್ಚಿ, 99 ಶೇಕಡ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಿಳಿ ಕಾಗದ ಅಥವಾ ನೂಲು ಬಿಡದ ಬಟ್ಟೆಯನ್ನು ಡ್ರಮ್‌ಗೆ ಮೃದುವಾಗಿ ಒತ್ತಿ ಹಿಡಿದು, ಡ್ರಮ್ಮನ್ನು ಮೇಲಿನಿಂದ ಕೈಯಲ್ಲಿ ತಿರುಗಿಸಬೇಕು. ಕಾಗದವನ್ನು ಮೇಲೆ ಕೆಳಗೆ ಉಜ್ಜಬಾರದು, ಹೆಡ್ ಮುರಿಯುತ್ತದೆ. ಕಿವಿಗೆ ಬಳಸುವ ಹತ್ತಿಯ ಕಡ್ಡಿಯೂ ಬೇಡ, ಅದರ ಎಳೆ ಹೆಡ್‌ಗೆ ಸಿಕ್ಕಿಕೊಳ್ಳುತ್ತದೆ. ಕೆಲವು ಶುಚಿ ಕಿಟ್‌ಗಳಲ್ಲಿ ಬರುವ ಶಾಮಿ ತುಂಡು ಪ್ರಾಣಿಯ ಚರ್ಮದ್ದು, ಅದರ ಅಗತ್ಯವಿಲ್ಲ. ದ್ರವ ಪೂರ್ತಿ ಆರಿದ ಮೇಲೆಯೇ ಕ್ಯಾಸೆಟ್ ಹಾಕಬೇಕು.

ಚಿತ್ರದ ಕೆಳತುದಿಯಲ್ಲಿ ಮಾತ್ರ ಸಣ್ಣ ಅಲುಗಾಟವಿದ್ದರೆ ಅದು ದೋಷವಲ್ಲ. ಹಳೆಯ ಟಿವಿಯ ಚೌಕಟ್ಟಿನಲ್ಲಿ ಮರೆಯಾಗುತ್ತಿದ್ದ ಭಾಗ ಕಂಪ್ಯೂಟರ್‌ನಲ್ಲಿ ಕಾಣುತ್ತದೆ, ಅಷ್ಟೇ.

ತೊಂದರೆ 4: ಮೇಲ್ಭಾಗ ವಾಲುತ್ತದೆ, ಆಗಾಗ ನೀಲಿ ಪರದೆ ಬರುತ್ತದೆ

ಹಳೆಯ ಟೇಪಿನ ಸಂಕೇತ ಒಂದೇ ಸಮನಾಗಿ ಬರುವುದಿಲ್ಲ. ಟಿವಿ ಅದನ್ನು ಸಹಿಸುತ್ತದೆ, ಅಗ್ಗದ ಕ್ಯಾಪ್ಚರ್ ಸಾಧನ ಸಹಿಸುವುದಿಲ್ಲ. ಇದನ್ನು ಸರಿಪಡಿಸುವ ಸಾಧನಕ್ಕೆ ಟೈಮ್ ಬೇಸ್ ಕರೆಕ್ಟರ್ ಎಂದು ಹೆಸರು. ಅದು ದುಬಾರಿ. ಮನೆಯಲ್ಲಿ ಹಳೆಯ ಡಿವಿಡಿ ರೆಕಾರ್ಡರ್ ಇದ್ದರೆ ವಿಸಿಆರ್‌ನಿಂದ ಅದಕ್ಕೆ, ಅದರಿಂದ ಕ್ಯಾಪ್ಚರ್ ಸಾಧನಕ್ಕೆ ಜೋಡಿಸಿ ನೋಡಬಹುದು. ಹಲವು ಮಾದರಿಗಳು ಸಂಕೇತವನ್ನು ತಕ್ಕಮಟ್ಟಿಗೆ ಸಮ ಮಾಡಿ ಕಳಿಸುತ್ತವೆ. ಹಳದಿ ಪಿನ್ ಅನ್ನು ಎಚ್‌ಡಿಎಂಐಗೆ ಬದಲಿಸುವ ಚಿಕ್ಕ ಡಬ್ಬಿಗಳು ಟಿವಿ ನೋಡಲು ಸಾಕು, ದಾಖಲೆ ಉಳಿಸಲು ತಕ್ಕವಲ್ಲ.

ಅಂಗಡಿಯಲ್ಲಿ ಕೊಂಡ ಸಿನಿಮಾ ಕ್ಯಾಸೆಟ್‌ನಲ್ಲಿ ಬೆಳಕು ಹೆಚ್ಚು ಕಡಿಮೆ ಆಗುತ್ತಿದ್ದರೆ ಅದು ನಕಲು ತಡೆಯಲು ತಯಾರಕರೇ ಸೇರಿಸಿದ ಸಂಕೇತ. ಆ ಕೃತಿಯ ಹಕ್ಕೂ ಅವರದೇ. ಅಂಥ ಕ್ಯಾಸೆಟ್‌ಗೆ ಸಮಯ ಕೊಡದೆ ಮನೆಯ ದಾಖಲೆಗಳಿಗೆ ಕೊಡುವುದು ಸೂಕ್ತ.

ತೊಂದರೆ 5: ಧ್ವನಿ ಇಲ್ಲ, ಅಥವಾ ಒಂದೇ ಕಿವಿಗೆ ಬರುತ್ತದೆ

ಸಾಫ್ಟ್‌ವೇರ್‌ನಲ್ಲಿ ಧ್ವನಿಯ ಮೂಲವಾಗಿ ಲ್ಯಾಪ್‌ಟಾಪ್‌ನ ಮೈಕ್ ಆಯ್ಕೆಯಾಗಿದ್ದರೆ ಪೂಜೆಯ ಮಂತ್ರದ ಬದಲು ಕೋಣೆಯ ಫ್ಯಾನಿನ ಸದ್ದು ದಾಖಲಾಗುತ್ತದೆ. ಕ್ಯಾಪ್ಚರ್ ಸಾಧನವನ್ನೇ ಧ್ವನಿಗೂ ಆರಿಸಬೇಕು. ಒಂದೇ ಬದಿಗೆ ಬಂದರೆ ಆತಂಕ ಬೇಡ. ಭಾರತದಲ್ಲಿ ಮಾರಾಟವಾದ ಬಹಳಷ್ಟು ಪ್ಲೇಯರ್‌ಗಳಲ್ಲಿ ಧ್ವನಿಗೆ ಒಂದೇ ಪಿನ್ ಇತ್ತು. ಇಳಿಸಿದ ನಂತರ ಮೊನೊ ಮಾಡಿದರೆ ಎರಡೂ ಕಡೆ ಕೇಳಿಸುತ್ತದೆ.

ಮೊದಲ ಎರಡು ನಿಮಿಷ ಇಳಿಸಿ, ನಿಲ್ಲಿಸಿ, ಹೆಡ್‌ಫೋನ್ ಹಾಕಿ ಕೇಳುವ ಅಭ್ಯಾಸವಿರಲಿ. ಮೂರು ಗಂಟೆ ಇಳಿಸಿದ ಮೇಲೆ ಧ್ವನಿಯಿಲ್ಲವೆಂದು ತಿಳಿದರೆ ಟೇಪು ಮತ್ತೊಮ್ಮೆ ಓಡಬೇಕಾಗುತ್ತದೆ.

ತೊಂದರೆ 6: ಹೋಗುತ್ತಾ ಹೋಗುತ್ತಾ ತುಟಿಗೂ ಮಾತಿಗೂ ಹೊಂದುವುದಿಲ್ಲ

ಒಂದು ಗಂಟೆಯ ಟೇಪಿನಲ್ಲಿ 90,000 ಚಿತ್ರಗಳಿರುತ್ತವೆ. ಕಂಪ್ಯೂಟರ್ ಅವುಗಳಲ್ಲಿ 90 ಬಿಟ್ಟರೂ ಸಾಕು, ಕೊನೆಗೆ ಧ್ವನಿ ಮೂರೂವರೆ ಸೆಕೆಂಡು ಆಚೀಚೆ ಆಗುತ್ತದೆ. ಪ್ರವಚನದ ಕ್ಯಾಸೆಟ್‌ನಲ್ಲಿ ಇದು ಬಹಳ ಕಿರಿಕಿರಿ. ಕಾರಣ ಹೆಚ್ಚಾಗಿ ಕಂಪ್ಯೂಟರ್‌ಗೆ ಬಿಡುವಿಲ್ಲದಿರುವುದು. ಇಳಿಸುವಾಗ ಬ್ರೌಸರ್ ಮುಚ್ಚಿ, ಇಂಟರ್ನೆಟ್ ಕಡಿದು, ವಿಂಡೋಸ್ ಅಪ್‌ಡೇಟ್ ಮತ್ತು ವೈರಸ್ ತಪಾಸಣೆ ನಿಲ್ಲಿಸಬೇಕು. ಕ್ಯಾಪ್ಚರ್ ಸಾಧನವನ್ನು ಯುಎಸ್‌ಬಿ ಹಬ್‌ಗೆ ಹಾಕದೆ ನೇರವಾಗಿ ಕಂಪ್ಯೂಟರ್‌ಗೆ ಚುಚ್ಚಬೇಕು. ಪೆನ್‌ಡ್ರೈವ್‌ಗೆ ಇಳಿಸಬಾರದು, ಕಂಪ್ಯೂಟರ್‌ನ ಒಳಡಿಸ್ಕ್‌ಗೆ ಇಳಿಸಿ ನಂತರ ನಕಲಿಸಬೇಕು. ಚಿತ್ರ ಒಂದು ಸಾಧನದಿಂದ, ಧ್ವನಿ ಇನ್ನೊಂದರಿಂದ ಬಂದರೂ ಇದೇ ಆಗುತ್ತದೆ, ಏಕೆಂದರೆ ಎರಡರ ಗಡಿಯಾರವೂ ಒಂದೇ ಅಲ್ಲ.

ತೊಂದರೆ 7: ಒಂದು ಗಂಟೆ ಹತ್ತು ನಿಮಿಷದ ಹೊತ್ತಿಗೆ ನಿಂತುಬಿಡುತ್ತದೆ

ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ನಿಂತರೆ ಟೇಪನ್ನು ದೂರಬೇಡಿ. ಹಾರ್ಡ್‌ಡಿಸ್ಕ್ ಫ್ಯಾಟ್32 ವ್ಯವಸ್ಥೆಯಲ್ಲಿದ್ದರೆ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಸೆಕೆಂಡಿಗೆ 8 ಮೆಗಾಬಿಟ್ ದರದಲ್ಲಿ ಇಳಿಸಿದರೆ ಗಂಟೆಗೆ 3.6 ಜಿಬಿ ಆಗುವುದರಿಂದ ಈ ಮಿತಿ ಅಲ್ಲಿಗೆ ಮುಟ್ಟುತ್ತದೆ. ಡಿಸ್ಕನ್ನು ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್‌ಗೆ ಬದಲಿಸಬೇಕು. ಬದಲಿಸುವಾಗ ಅದರಲ್ಲಿರುವುದೆಲ್ಲ ಅಳಿಯುತ್ತದೆ, ಮೊದಲೇ ಬೇರೆಡೆ ನಕಲಿಸಿಕೊಳ್ಳಿ. ನಿಲ್ಲುವ ಜಾಗ ಬೇರೆ ಬೇರೆಯಾದರೆ ಕಂಪ್ಯೂಟರ್ ನಿದ್ರೆಗೆ ಹೋಗುತ್ತಿದೆಯೇ, ಡಿಸ್ಕ್‌ನಲ್ಲಿ ಜಾಗ ಮುಗಿದಿದೆಯೇ ನೋಡಬೇಕು.

ವಿದ್ಯುತ್ ಹೋದರೂ ಹೀಗೇ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುತ್ತದೆ, ವಿಸಿಆರ್‌ಗೆ ಇರುವುದಿಲ್ಲ. ಟೇಪು ಡ್ರಮ್‌ಗೆ ಸುತ್ತಿಕೊಂಡಿರುವಾಗ ಕರೆಂಟ್ ಹೋಗಿ ಬಂದರೆ ಟೇಪು ಮಡಚಿಕೊಳ್ಳಬಹುದು. ವಿಸಿಆರನ್ನು ಯುಪಿಎಸ್‌ಗೆ ಜೋಡಿಸಿಯೇ ಕೆಲಸ ಆರಂಭಿಸುವುದು ಕ್ಷೇಮ.

ತೊಂದರೆ 8: ಓಡುವ ದೃಶ್ಯದಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ

ಇದು ಹಾಳಾದ ಲಕ್ಷಣವಲ್ಲ. ಹಳೆಯ ವಿಡಿಯೊ ಪ್ರತಿ ಚಿತ್ರವನ್ನು ಎರಡು ಭಾಗವಾಗಿ, ಬೆಸ ಗೆರೆ ಒಮ್ಮೆ, ಸಮ ಗೆರೆ ಒಮ್ಮೆ ತೋರಿಸುತ್ತಿತ್ತು. ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ತೋರಿಸಿದಾಗ ಹಲ್ಲು ಕಾಣುತ್ತದೆ. ಮೂಲ ಫೈಲನ್ನು ಹಾಗೆಯೇ ಉಳಿಸಿ, ಮೊಬೈಲ್‌ನಲ್ಲಿ ನೋಡುವ ಪ್ರತಿಗೆ ಮಾತ್ರ ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಡಿಇಂಟರ್‌ಲೇಸ್ ಮಾಡಬೇಕು. ಚಿತ್ರವನ್ನು ಇಂದಿನ ಅಗಲ ಪರದೆಗೆ ಎಳೆದು ಹಿಗ್ಗಿಸಬಾರದು. ಹಳೆಯ ಅನುಪಾತ 4:3. ಹಿಗ್ಗಿಸಿದರೆ ಎಲ್ಲರ ಮುಖವೂ ಅಗಲವಾಗುತ್ತದೆ.

ತೊಂದರೆ 9: ಮಿನಿಡಿವಿ ಕ್ಯಾಮೆರಾವನ್ನು ಕಂಪ್ಯೂಟರ್ ಗುರುತಿಸುವುದಿಲ್ಲ

ಈ ಕ್ಯಾಮೆರಾಗಳಲ್ಲಿ ಯುಎಸ್‌ಬಿ ತೂತು ಇದ್ದರೂ ಹೆಚ್ಚಿನವುಗಳಲ್ಲಿ ಅದು ಫೋಟೊ ತೆಗೆದುಕೊಳ್ಳಲು ಮಾತ್ರ. ಟೇಪಿನ ಪೂರ್ಣ ಗುಣಮಟ್ಟದ ವಿಡಿಯೊ ಬರುವುದು ‘ಡಿವಿ’ ಎಂದು ಗುರುತಿರುವ ಫೈರ್‌ವೈರ್ ತೂತಿನಿಂದ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ಇಲ್ಲ. ಹಳೆಯ ಡೆಸ್ಕ್‌ಟಾಪ್‌ಗೆ ಫೈರ್‌ವೈರ್ ಕಾರ್ಡ್ ಹಾಕಿಸುವುದು ಸುಲಭ ದಾರಿ. ಕಾರ್ಡ್ ಕಂಡರೂ ಕ್ಯಾಮೆರಾ ಕಾಣದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಡ್ರೈವರನ್ನು ‘ಲೆಗಸಿ’ ಎಂದಿರುವುದಕ್ಕೆ ಬದಲಿಸಿ ನೋಡಬೇಕು. ಕೇಬಲ್ ಜೋಡಿಸುವಾಗ ಎರಡೂ ಯಂತ್ರ ಆಫ್ ಆಗಿರಲಿ. ತಿರುಗಾಮುರುಗಾ ಚುಚ್ಚಿದರೆ ತೂತು ಸುಟ್ಟುಹೋಗುತ್ತದೆ.

ಇಲ್ಲಿ ನಡೆಯುವುದು ನಕಲು ಮಾತ್ರ, ಪರಿವರ್ತನೆಯಲ್ಲ. ಗಂಟೆಗೆ ಸುಮಾರು 13 ಜಿಬಿ ಬೇಕು. ಚಿತ್ರ ಚೌಕ ಚೌಕವಾಗಿ ಒಡೆದರೆ ಹೆಡ್ ಶುಚಿ ಮಾಡಬೇಕು. ಆಗಲೂ ಸರಿಹೋಗದಿದ್ದರೆ ದಾಖಲಿಸಿದ ಅದೇ ಕ್ಯಾಮೆರಾ ಸಿಗುವುದೇ ಎಂದು ಹುಡುಕಬೇಕು.

ಟೇಪು ಸಿಕ್ಕಿಕೊಂಡರೆ, ಹರಿದರೆ

ಕ್ಯಾಸೆಟ್ ಎಳೆದು ತೆಗೆಯಬೇಡಿ. ಪ್ಲಗ್ ತೆಗೆದು, ಮುಚ್ಚಳ ಬಿಚ್ಚಿ, ಟೇಪು ಎಲ್ಲಿ ಸುತ್ತಿಕೊಂಡಿದೆ ಎಂದು ನೋಡಿ ಬಿಡಿಸಬೇಕು. ಹರಿದ ಟೇಪಿಗೆ ಸಾಮಾನ್ಯ ಸೆಲೋಟೇಪ್ ಅಂಟಿಸಬಾರದು. ಅದರ ಅಂಟು ಕರಗಿ ಹೆಡ್‌ಗೆ ಹತ್ತುತ್ತದೆ. ಇದಕ್ಕೆಂದೇ ಇರುವ ಸ್ಪ್ಲೈಸಿಂಗ್ ಟೇಪನ್ನು ಹಿಂಬದಿಗೆ ಮಾತ್ರ ಹಚ್ಚಬೇಕು. ಕ್ಯಾಸೆಟ್‌ನ ಹೊರಡಬ್ಬಿ ಒಡೆದಿದ್ದರೆ ಕೆಳಗಿನ ಐದು ಸ್ಕ್ರೂ ಬಿಚ್ಚಿ ಸುರುಳಿಗಳನ್ನು ಒಳ್ಳೆಯ ಡಬ್ಬಿಗೆ ಬದಲಿಸಬಹುದು. ಬಿಚ್ಚುವ ಮೊದಲು ಮತ್ತು ಬಿಚ್ಚಿದ ಕೂಡಲೇ ಫೋಟೊ ತೆಗೆದುಕೊಂಡರೆ ಮರುಜೋಡಣೆ ಸುಲಭ. ಅಂಟಂಟಾಗಿ ಕಿರುಗುಟ್ಟುವ ಟೇಪನ್ನು ಬಿಸಿ ಮಾಡಿ ಸರಿಪಡಿಸುವ ವಿಧಾನವೊಂದಿದೆ. ಅದು ನಿಖರ ಉಷ್ಣತೆಯ ಯಂತ್ರವಿರುವ ತಜ್ಞರ ಕೆಲಸ. ಅಡುಗೆಮನೆಯ ಓವನ್‌ನಲ್ಲಾಗಲಿ, ಬಿಸಿಲಿನಲ್ಲಾಗಲಿ ಪ್ರಯತ್ನಿಸಬಾರದು.

ಮೂರು ಊರಿಗೆ ಒಂದು ಯಂತ್ರ ಸಾಕು

ಪ್ರತಿ ಮನೆಯವರೂ ಯಂತ್ರ ಕೊಳ್ಳಬೇಕಿಲ್ಲ. ಬೀದರ್, ಭಾಲ್ಕಿ, ಔರಾದ್‌ನ ಕುಟುಂಬಗಳು ಸೇರಿ ಒಂದು ಒಳ್ಳೆಯ ವಿಸಿಆರ್, ಒಂದು ಕ್ಯಾಪ್ಚರ್ ಸಾಧನ, ಒಂದು ಹಳೆಯ ಡೆಸ್ಕ್‌ಟಾಪ್ ಬಸದಿಯಲ್ಲೋ ಯಾರಾದರೊಬ್ಬರ ಮನೆಯಲ್ಲೋ ಇಟ್ಟುಕೊಂಡರೆ ಸಾಕು. ಬಳಸಿದ ವಿಸಿಆರ್‌ಗಾಗಿ ಹೈದರಾಬಾದಿನ ಕೋಠಿ ಅಥವಾ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ವಿಚಾರಿಸಬಹುದು. ಕೊಳ್ಳುವಾಗ ಪರೀಕ್ಷೆಯ ಕ್ಯಾಸೆಟ್ ಒಯ್ದು, ಅಂಗಡಿಯಲ್ಲೇ ಓಡಿಸಿ, ಮುಂದೆ ಹಿಂದೆ ಸುತ್ತಿಸಿ ನೋಡಬೇಕು.

ಔರಾದ್‌ನಿಂದ ಬೀದರಿಗೆ ಬಸ್ಸಿನಲ್ಲಿ ಕ್ಯಾಸೆಟ್ ಒಯ್ಯುವವರು ಕೈಚೀಲದಲ್ಲಿ, ನೆರಳಿನಲ್ಲಿ ಇಟ್ಟುಕೊಳ್ಳಬೇಕು. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಟೇಪು ಸೊಟ್ಟಗಾಗುತ್ತದೆ.

ಇಳಿಸಲು ಟೇಪು ಎಷ್ಟು ಉದ್ದವೋ ಅಷ್ಟೇ ಹೊತ್ತು ಬೇಕು. 3 ಗಂಟೆಯ 20 ಕ್ಯಾಸೆಟ್‌ಗೆ 60 ಗಂಟೆ. ಆದ್ದರಿಂದ ಮೊದಲು ಯಾವುದು ಎಂಬ ಪಟ್ಟಿ ಅಗತ್ಯ. ಬೇರೆಲ್ಲೂ ಇಲ್ಲದ್ದು ಮೊದಲು: ಅಗಲಿದ ಹಿರಿಯರ ಮಾತು, ಊರಿನ ಪಂಚಕಲ್ಯಾಣ, ಮುನಿಗಳ ಸ್ಥಳೀಯ ಪ್ರವಚನ. ದೂರದರ್ಶನದಿಂದ ತುಂಬಿಸಿಕೊಂಡದ್ದು ಕೊನೆಗೆ.

ಸ್ಟುಡಿಯೊಗೆ ಕೊಡುವುದಾದರೆ ನಾಲ್ಕು ಮಾತು ಬರೆಸಿಕೊಳ್ಳಿ: ಮೂಲ ಕ್ಯಾಸೆಟ್ ಮರಳಿ ಕೊಡಬೇಕು, ಡಿವಿಡಿ ಅಲ್ಲ ಫೈಲ್ ಕೊಡಬೇಕು, ಹಾಡು ಅಥವಾ ಹೆಸರಿನ ಪಟ್ಟಿ ಸೇರಿಸಬಾರದು, ಎಲ್ಲಿಯೂ ಹಂಚಬಾರದು.

ಇಳಿಸಿದ ಮೇಲೆ: ಒಂದು ಪ್ರತಿ ಎಂದರೆ ಪ್ರತಿಯೇ ಇಲ್ಲ

ಮುಖ್ಯ ಕ್ಯಾಸೆಟ್‌ಗಳಿಗೆ ಗುಣಮಟ್ಟ ಕಳೆಯದ ರೂಪದಲ್ಲಿ, ಗಂಟೆಗೆ ಸುಮಾರು 30 ಜಿಬಿ ಲೆಕ್ಕದಲ್ಲಿ ಒಂದು ಮೂಲಪ್ರತಿ ಇಡಬೇಕು. ನೋಡಲು ಮತ್ತು ಹಂಚಲು ಎಂಪಿ4 ಪ್ರತಿ ಸಾಕು. ಫೈಲ್ ಹೆಸರಿನಲ್ಲಿ ಇಸವಿ, ಊರು, ಸಂದರ್ಭ ಈ ಕ್ರಮವಿರಲಿ: ‘1993-ಭಾಲ್ಕಿ-ಮದುವೆ-1’. ಯಾರು ಯಾರೆಂದು ಹೇಳಬಲ್ಲ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ, ಹೆಸರುಗಳನ್ನು ಬರೆದಿಡಬೇಕು. ಗುರುತು ಹಿಡಿಯುವವರು ಇಲ್ಲವಾದ ಮೇಲೆ ವಿಡಿಯೊ ಉಳಿದರೂ ಅರ್ಧ ಕಳೆದಂತೆಯೇ.

ಒಟ್ಟು ಮೂರು ಪ್ರತಿ ಇರಬೇಕು: ಮನೆಯ ಕಂಪ್ಯೂಟರ್‌ನಲ್ಲಿ ಒಂದು, ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ ಒಂದು, ಬೇರೆ ಊರಿನ ಬಂಧುಗಳ ಮನೆಯಲ್ಲಿ ಅಥವಾ ಆನ್‌ಲೈನ್ ಸಂಗ್ರಹದಲ್ಲಿ ಒಂದು. ಹಿಂದೆ ಡಿವಿಡಿಗೆ ಬರೆಸಿಟ್ಟವರು ಅದನ್ನೂ ಈಗಲೇ ನಕಲಿಸಿಕೊಳ್ಳಬೇಕು. ಮನೆಯಲ್ಲಿ ಬರೆದ ಡಿವಿಡಿಗಳೂ ಕೆಲವು ವರ್ಷಗಳಲ್ಲಿ ಓದಲಾಗದಂತಾಗುತ್ತವೆ. ಇಳಿಸಿ ಮುಗಿದರೂ ಮೂಲ ಕ್ಯಾಸೆಟ್ ಎಸೆಯಬಾರದು.

ಪ್ರತಿ ಮಾಡಿ ಉಳಿಸುವುದು ನಮ್ಮ ಸಮಾಜಕ್ಕೆ ಹೊಸತಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಷಟ್ಖಂಡಾಗಮದ ಧವಳಾ ಟೀಕೆ ಶತಮಾನಗಳ ಕಾಲ ಮೂಡುಬಿದಿರೆಯ ತಾಳೆಗರಿಗಳಲ್ಲಿ ಉಳಿದಿತ್ತು. ಅದನ್ನು ಪ್ರತಿ ಮಾಡಿದ್ದರಿಂದಲೇ ಇಪ್ಪತ್ತನೆಯ ಶತಮಾನದಲ್ಲಿ ಮುದ್ರಣವಾಗಿ ಎಲ್ಲರಿಗೂ ದೊರೆಯಿತು.

ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ಬಸದಿಗಳಲ್ಲಿ ಶಾಸ್ತ್ರಗಳನ್ನು ಹೊರತೆಗೆದು, ಧೂಳು ಕೊಡವಿ, ವೇಷ್ಟನದ ಬಟ್ಟೆ ಬದಲಿಸಿ ಪೂಜಿಸುವ ಪದ್ಧತಿಯಿದೆ. ಮಳೆಗಾಲದ ಹೊಸ್ತಿಲಲ್ಲಿ ಬರುವ ಆ ದಿನವೇ ಕ್ಯಾಸೆಟ್ ಪೆಟ್ಟಿಗೆ ತೆರೆದು ಬೂಷ್ಟು ನೋಡಲು, ಸಿಲಿಕಾ ಜೆಲ್ ಬದಲಿಸಲು, ಹಾರ್ಡ್‌ಡಿಸ್ಕ್ ಜೋಡಿಸಿ ಫೈಲ್‌ಗಳು ತೆರೆಯುತ್ತವೆಯೇ ಎಂದು ಪರೀಕ್ಷಿಸಲು ತಕ್ಕ ದಿನ.

ಹಂಚುವ ಮೊದಲು

ಸಲ್ಲೇಖನ, ಕೇಶಲೋಚ, ಆಹಾರಚರ್ಯೆ ಇವುಗಳ ದೃಶ್ಯಗಳನ್ನು ಸಾಮಾಜಿಕ ಜಾಲತಾಣಗಳಿಗೆ ಹಾಕುವ ಮೊದಲು ಕುಟುಂಬದವರನ್ನೂ, ಸಂಘಕ್ಕೆ ಸಂಬಂಧಿಸಿದ್ದಾದರೆ ಬಸದಿಯ ಹಿರಿಯರನ್ನೂ ಕೇಳಬೇಕು. ಸಂದರ್ಭ ತಿಳಿಯದವರ ಕೈಗೆ ಸಿಕ್ಕ ತುಣುಕು ಅಪಾರ್ಥಕ್ಕೆ ಎಡೆಯಾಗುತ್ತದೆ. ಮನೆಯೊಳಗೆ ನೋಡಲು, ಮಕ್ಕಳಿಗೆ ತೋರಿಸಲು ಇಂಥ ತಡೆಯಿಲ್ಲ. ಕ್ಯಾಸೆಟ್ ಇಳಿಸುವ ಶ್ರಮವೆಲ್ಲ ಅದಕ್ಕಾಗಿಯೇ.

ಜೈ ಜಿನೇಂದ್ರ.